ದೇವರ ಮನೆಗೆ ಹೋಗುವ ದಾರಿ

ಹೊಳವನಹಳ್ಳಿ,
೧೮ ಆಗಸ್ಟ್ ೨೦೨೫, ಸೋಮವಾರ

ಸೌಭಾಗ್ಯವತಿ ಲೋಹಿತಾಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಸಿರಾದಲ್ಲಿ ಎಲ್ಲರೂ ಕ್ಷೇಮವೇ? ನಿಮ್ಮಮ್ಮನ ಮೊಣಕಾಲು ನೋವು ಹೇಗಿದೆ? ಪುಟ್ಟಿಯ ಕೆಮ್ಮು ನಿಂತಿತೇ? ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ಮಾವನವರಿಗೆ ಮಾತ್ರ ನನ್ನ ಮೇಲೆ ಕೋಪ, ಕಾರಣ ಆಮೇಲೆ ಬರೆಯುತ್ತೇನೆ. ಫೋನ್ ಇರುವಾಗ ಅತ್ತೆ ಕಾಗದ ಬರೆದಳೆಂದು ನಗಬೇಡ. ಫೋನಿನಲ್ಲಿ ನೀನು ಎಲ್ಲದಕ್ಕೂ "ಸರಿ ಅತ್ತೆ" ಎಂದುಬಿಡುತ್ತೀಯ, ನನಗೆ ಮುಂದಕ್ಕೆ ಮಾತೇ ಹೊರಡುವುದಿಲ್ಲ.

ನಿನ್ನ ಗಂಡ ಪ್ರಸನ್ನ ಪಾವಗಡದ ಸೋಲಾರ್ ಪಾರ್ಕಿನ ಕೆಲಸ ಮುಗಿದು, ಬಾಡಿಗೆ ಮನೆ ಖಾಲಿ ಮಾಡಿ, ಮಂಚ ಫ್ರಿಜ್ಜು ಸಮೇತ ಇಲ್ಲಿ ಬಂದಿಳಿದು ಒಂದೂವರೆ ತಿಂಗಳಾಯಿತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾನೆ. ಕೆಲಸ ಹೋದ ಕೊರಗೋ, ನೀನಿಲ್ಲದ ಕೊರಗೋ, ಬಾಯಿ ಬಿಡುವುದಿಲ್ಲ. ನೀನು ಪಾವಗಡದಿಂದಲೇ ಆಷಾಢವೆಂದು ತವರಿಗೆ ಹೋದೆ. ಮದುವೆಯಾಗಿ ಎಂಟು ವರ್ಷವಾದ ಸೊಸೆ ಆಷಾಢಕ್ಕೆ ಹೋದದ್ದನ್ನು ನಾನು ಕಂಡದ್ದು ಇದೇ ಮೊದಲು. ಈಗ ಶ್ರಾವಣವೂ ಮುಗಿಯುತ್ತಾ ಬಂತು. ಪಕ್ಕದ ಮನೆ ಕೊಲ್ಲಾಪುರಮ್ಮ ದಿನಾ, "ಸೊಸೆ ಯಾವಾಗ ಬತ್ತಾಳಕ್ಕಾ?" ಎನ್ನುತ್ತಾಳೆ. ಬರುತ್ತಾಳೆ ಎನ್ನುತ್ತೇನೆ. ನೀನು ಬರುವುದೇ ಇಲ್ಲವೇನೋ ಎಂಬ ಭಯ ನನಗೇ ಇದೆ.

ಹೊಸದರಲ್ಲಿ ಎಂಟು ತಿಂಗಳು ನೀನು ಈ ಮನೆಯಲ್ಲಿದ್ದೆಯಲ್ಲ, ಆಗ ಒಂದು ದಿನ ಪ್ರಸನ್ನನ ಹತ್ತಿರ "ಈ ಮನೇಲಿ ನಮ್ದು ಅಂತ ಒಂದು ಬಾಗಿಲಿಲ್ಲ ಕಣ್ರೀ" ಎಂದು ಅತ್ತದ್ದು ನನ್ನ ಕಿವಿಗೆ ಬಿತ್ತು. ಬೇರೆ ಒಲೆ ಹೂಡಲು ನೆಪ ಹುಡುಕುತ್ತಿದ್ದಾಳೆ ಎಂದುಕೊಂಡೆ. ನೆಂಟರ ಮುಂದೆಲ್ಲ ಹಾಗೆಯೇ ಆಡಿಕೊಂಡೆ. ನೀವು ಪಾವಗಡಕ್ಕೆ ಹೋದಿರಿ.

ಈ ಸಲ ಪ್ರಸನ್ನ ಬಂದ ಮರುದಿನ, ಎಂದಿನಂತೆ ಬೆಳಗಿನ ಐದಕ್ಕೆ ಮಿಂದು, ತಂಬಿಗೆ ನೀರು, ಬಿಲ್ವಪತ್ರೆ ಹಿಡಿದು, ನಿಮ್ಮ ಕೋಣೆ ಹಾಯ್ದು ಅದರಾಚೆಯ ದೇವರ ಮನೆಗೆ ಹೊರಟೆ. ಅಲ್ಲಿಗೆ ಬೇರೆ ದಾರಿಯಿಲ್ಲ, ನಿನಗೇ ಗೊತ್ತು. ಅವನು ಧಡಕ್ಕನೆ ಎದ್ದು ಕೂತು ಹೊದಿಕೆಯನ್ನು ಎದೆಗೆ ಎಳೆದುಕೊಂಡ. "ಅಮ್ಮಾ, ಇನ್ನೂ ಇಂಗೇ ಬತ್ತೀಯಾ?" ಎಂದ. ನಾನು ಹೆತ್ತ ಮಗ, ಕಿವಿಯ ಹತ್ತಿರ ಕೂದಲು ನರೆತವನು, ನನ್ನ ಮುಂದೆ ನಾಚಿದ. ದೇವರ ಮರದ ಜಗುಲಿಯ ಮುಂದೆ ಕೂತರೂ ಗಂಟೆ ಬಾರಿಸಲು ಕೈ ಏಳಲಿಲ್ಲ. ನಾನು ಸೊಸೆಯಾಗಿ ಬಂದಾಗ ನಮ್ಮತ್ತೆಯೂ ಹೀಗೆಯೇ ಹಾಯ್ದು ಹೋಗುತ್ತಿದ್ದರು. ಗಂಟೆ ಸದ್ದು ನಿಲ್ಲುವವರೆಗೂ ನಾನು ಮುಸುಕೆಳೆದುಕೊಂಡು ನಿದ್ದೆ ಬಂದವಳಂತೆ ಬಿದ್ದಿರುತ್ತಿದ್ದೆ. ಅದನ್ನು ಹೇಗೆ ಮರೆತೆನೋ! ನಾನು ಉಂಡದ್ದನ್ನೇ ನಿನಗೂ ಬಡಿಸಿದೆ. ತಪ್ಪು ನನ್ನದು ತಾಯಿ.

ಆಷಾಢದಲ್ಲಿ ದೇವರನ್ನು ಕದಲಿಸಬಾರದೆಂದು ಕಾದು, ಹೋದ ಸೋಮವಾರ ಜಗುಲಿಯನ್ನು ನಡುಮನೆಯ ಈಶಾನ್ಯದ ಮೂಲೆಗೆ ತಂದು ಕೂರಿಸಿದೆ. ನಿನ್ನ ಮಾವ ಕುಣಿದಾಡಿಬಿಟ್ಟರು. "ನಮ್ ತಾತನ ಕಾಲದ್ ದೇವ್ರು ಕಣೇ, ಸೊಸೆಗೋಸ್ಕರ ಎಬ್ಬುಸ್ತೀಯಾ?" ಎಂದರು. "ದೇವ್ರು ಎಲ್ಲಿ ಕೂರ್ಸುದ್ರೂ ಕೂರ್ತಾನೆ, ಸೊಸೆ ಕೂರಾಕಿಲ್ಲ" ಎಂದೆ. ಅಂದಿನಿಂದ ನನ್ನೊಡನೆ ಮಾತಿಲ್ಲ. ಆದರೆ ಪೂಜೆಯ ಹೂವನ್ನು ತಂದು ಹೊಸ ಜಾಗದಲ್ಲೇ ಇಡುತ್ತಾರೆ. ಖಾಲಿಯಾದ ಆ ಪುಟ್ಟ ಕೋಣೆಯಲ್ಲಿ ಏನಿಡಬೇಕೆಂದು ನೀನೇ ಯೋಚಿಸು, ಅದೂ ಇನ್ನು ನಿಮ್ಮದೇ.

ಬಾ ಎಂದು ಬಲವಂತ ಮಾಡುವುದಿಲ್ಲ. ನಿಮ್ಮಮ್ಮನಿಗೆ ಶರಣು ಹೇಳು, ಪುಟ್ಟಿಗೆ ಅಜ್ಜಿಯ ಮುತ್ತು ಕೊಡು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅತ್ತೆ
ಬಸವಮ್ಮ

ಹೇಳುವುದನ್ನೇ ಮರೆತಿದ್ದೆ. ಬಡಗಿ ಓಬಳಯ್ಯ ನಿನ್ನೆ ಬಂದು ನಿಮ್ಮ ಕೋಣೆಯ ಬಾಗಿಲಿಗೆ ಒಳಗಡೆ ಚಿಲಕ ಕೂರಿಸಿ ಹೋದ. ಪ್ರಸನ್ನನನ್ನು ಒಳಗೆ ಕಳಿಸಿ ಚಿಲಕ ಹಾಕಿಸಿದೆ. ಹೊರಗೆ ನಿಂತು ನಾನೇ ಬಲವಾಗಿ ತಳ್ಳಿ ನೋಡಿದೆ. ತೆರೆಯಲಿಲ್ಲ.