ಬಾಣಂತನಕ್ಕೆ ಬರಬೇಡ

ನಾಯ್ಮಾರ್ಮೂಲೆ,
೧೨-೧-೧೯೪೧

ಪ್ರೀತಿಯ ಲೋಲಾಕ್ಷಿ ಅಕ್ಕನಿಗೆ, ತಂಗಿ ವಸುಮತಿಯ ನಮಸ್ಕಾರಗಳು.

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಬಲಗೈ ಸುಟ್ಟಿದ್ದರಿಂದ ಉತ್ತರ ಬರೆಯಲು ತಡವಾಯಿತು, ಬೇಸರಿಸಬೇಡ. ಬಾವ ಹೇಗಿದ್ದಾರೆ? ಮಂಗಳೂರಿನ ನೀರು ನಿನಗೆ ಒಗ್ಗಿತೇ? ಏಳು ತಿಂಗಳು ತುಂಬಿದ ಮೇಲೆ ಬಾಣಂತನಕ್ಕೆ ಇಲ್ಲಿಗೇ ಬರುತ್ತೇನೆಂದು ಬರೆದಿದ್ದೀ. ಮನೆಯ ಮಾಡಿಗೆ ಹೊಸ ಮುಳಿಹುಲ್ಲು ಹೊದಿಸುತ್ತಿದ್ದೇವೆ, ಈಗ ಬೇಡ ಎಂದು ಬರೆಯಲು ಅಪ್ಪ ಹೇಳಿದರು. ನಿನಗೆ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

ನಿನ್ನ ಮದುವೆಯ ನಂತರ ಅಮ್ಮನಿಗೆ ಹಳೆಯ ಕಾಯಿಲೆಯೇ ಮತ್ತೆ ಶುರುವಾಗಿದೆ. ಈ ಸಲ ಹೆಚ್ಚು. ತಿಂಗಳುಗಟ್ಟಲೆ ಗೋಡೆಗೆ ಮುಖಮಾಡಿ ಮಲಗಿದ್ದವಳು ನಿನ್ನ ಬಸಿರಿನ ಸುದ್ದಿ ಕೇಳಿ ಎದ್ದಳು. ಹಾಡಿದಳು, ಅಂಗಳವನ್ನೆಲ್ಲ ಸಾರಿಸಿದಳು, ನಿದ್ದೆಯೇ ಬೇಡವಾಯಿತು. ನಮ್ಮ ಪುಟ್ಟ ತಂಗಿ ಕಿನ್ನಿಗೆ ಇನ್ನೂ ಆರು ವರ್ಷವಲ್ಲವೇ, ಅಮ್ಮ ನಗುವುದನ್ನು ಕಂಡು ಸೆರಗು ಬಿಡದೆ ಸುತ್ತಿದಳು. ನಾನು ಮಾತ್ರ ಆ ನಗು ಕೇಳಿದಾಗಲೆಲ್ಲ ಕೈಯ ಕೆಲಸ ಬಿಟ್ಟು ಅವರಿದ್ದಲ್ಲಿಗೆ ಹೋಗುತ್ತಿದ್ದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಬಚ್ಚಲಲ್ಲಿ ಅಮ್ಮನ ದನಿ ಕೇಳಿ ಹೋದೆ. ಕಿನ್ನಿಗೆ ಎಣ್ಣೆ ಹಚ್ಚಿ, ಎಳೆಮಗುವಿನ ಹಾಗೆ ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಪಕ್ಕದ ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು.

“ಲೋಲುವಿನ ಮಗುವನ್ನು ಹೀಗೇ ಮೀಯಿಸುವುದು, ನೋಡು,” ಎಂದು ಚೆಂಬು ತುಂಬಿ ಎತ್ತಿದಳು. ಕಿನ್ನಿ ಅಳಲಿಲ್ಲ. ಅತ್ತರೆ ಅಮ್ಮನಿಗೆ ಸಿಟ್ಟು ಬರುತ್ತದೆಂದು ಅವಳಿಗೆ ಗೊತ್ತು. ಚೆಂಬು ಕಿತ್ತುಕೊಳ್ಳಲು ಹೋದರೆ ನೀರು ಕಿನ್ನಿಯ ಮೇಲೇ ಬೀಳುತ್ತಿತ್ತು.

“ಅಮ್ಮ, ಬಿಸಿ ಸಾಕಾ ಅಂತ ಮೊದಲು ನನ್ನ ಕೈಗೆ ಹೊಯ್ದು ನೋಡು,” ಎಂದೆ.

ಹೊಯ್ದಳು. ನಾನು ಕೂಗಲಿಲ್ಲ. ಚರ್ಮ ಏಳುವುದನ್ನು ನೋಡುತ್ತ ಅವಳ ನಗು ನಿಂತಿತು. “ಎಂತ ಮಗಾ ಇದು? ಯಾರು ಮಾಡಿದ್ದು?” ಎಂದಳು.

ಅಂದಿನಿಂದ ಮತ್ತೆ ಮಲಗಿದ್ದಾಳೆ. ಕಾಸರಗೋಡಿನಿಂದ ಬಂದ ಡಾಕ್ಟರು ನಿದ್ದೆಯ ಮದ್ದು ಕೊಟ್ಟು, ಒಬ್ಬಳನ್ನೇ ಬಿಡಬೇಡಿ ಎಂದರು. ಕಿನ್ನಿ ಸ್ನಾನಕ್ಕೆ ಹೋದರೆ ಒಳಗಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಅಮ್ಮ ಕರೆದರೆ, ಹೋಗಬಹುದಾ ಎಂದು ಮೊದಲು ನನ್ನ ಮುಖ ನೋಡುತ್ತಾಳೆ.

ಅಕ್ಕ, ನೀನು ಬರಬೇಡ. ನಿನ್ನ ಅತ್ತೆಯವರ ಹತ್ತಿರವೇ ಹೆರಿಗೆಯಾಗಲಿ. ನಿನಗೂ ಮಗುವಿಗೂ ದೇವರು ಆಯುಷ್ಯ ಕೊಡಲಿ. ಬಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ವಸುಮತಿ

ತಾ.ಕ.: ಇಷ್ಟು ಬರೆದು ಮುಗಿಸುವಾಗ ಅಮ್ಮ ಎದ್ದು ಬಂದು ನನ್ನ ಹಿಂದೆ ನಿಂತಿದ್ದಳು. ಅವಳಿಗೆ ಓದಲು ಬಾರದು, ನಿನಗೆ ಗೊತ್ತಲ್ಲ. “ಲೋಲುವಿಗೆ ಬರೆಯುವುದಾ? ಬರಬೇಡ ಅಂತ ಬರೆ. ನನ್ನ ಕೈಗೆ ಮಗು ಕೊಡುವುದು ಬೇಡ,” ಎಂದಳು. ಹಾಗೆಲ್ಲ ಹೇಳಬೇಡ ಅಮ್ಮ ಎನ್ನಬೇಕಿತ್ತು ನಾನು. “ಬರೆದಾಯಿತು” ಎಂದುಬಿಟ್ಟೆ.

ಅವಳು ಕಾಗದದ ಕಡೆಗೆ ಬಗ್ಗಿ ನೋಡಿದಳು. “ನಾನು ಹೇಳುವ ಮೊದಲೇ?” ಎಂದಳು.