ಅಭಿ ಹೋಗಿ ಅನು ಬಂದದ್ದು

೧೪ ನವೆಂಬರ್, ಶನಿವಾರ
ಪ್ರೆಸ್ಸಿನ ಮಹಡಿಯ ಕೋಣೆ

ಮೇಷ್ಟ್ರೇ,

ಮೂರು ವರ್ಷದ ಮೇಲೆ ಹೆಂಡತಿಯ ಕಾಗದ ಬಂತೆಂದು ಗಾಬರಿಯಾಗಬೇಡಿ, ಆರೋಗ್ಯವಾಗಿದ್ದೇನೆ. ಉಪಸರ್ಗಗಳ ಮೇಲೆ ನೀವು ಬರೆದ ಪುಸ್ತಕದ ಎರಡನೆಯ ಮುದ್ರಣದ ಕರಡು ನನ್ನ ಮೇಜಿಗೇ ಬಂದಿದೆ. ವ್ಯಾಕರಣ ಎಂದರೆ ಇಲ್ಲಿ ಎಲ್ಲರೂ ಮಾರು ದೂರ ಓಡುತ್ತಾರೆ, ಸಿಕ್ಕಿಬೀಳುವವಳು ನಾನೊಬ್ಬಳೇ.

ಓದುತ್ತ ನಗು ಬಂತು. 'ಯೋಗ'ದ ಮೊದಲಿಗೆ 'ಉತ್' ಸೇರಿದರೆ ಉದ್ಯೋಗ, 'ವಿ' ಸೇರಿದರೆ ವಿಯೋಗ ಎಂದು ಬರೆದಿದ್ದೀರಿ. ನನಗೆ ಎರಡೂ ಒಂದೇ ಕಟ್ಟಡದಲ್ಲಿವೆ: ಕೆಳಗೆ ಉದ್ಯೋಗ, ಮೇಲೆ ವಿಯೋಗ. ಭಾನುವಾರ ಯಂತ್ರಗಳು ನಿಂತಾಗ, ಮಾತೇ ಮರೆತುಹೋದೀತೆಂದು ಕರಡನ್ನು ಜೋರಾಗಿ ಓದಿಕೊಳ್ಳುತ್ತೇನೆ. ಒಬ್ಬಳಿಗಷ್ಟೇ ಅಡುಗೆ ಮಾಡುವ ಅಳತೆ ಇನ್ನೂ ಕೈಗೆ ಹತ್ತಿಲ್ಲ. ಬೇಜಾರಾಗುತ್ತದೆ.

ಮೊದಲ ಮುದ್ರಣದ ಅರ್ಪಣೆ ನೆನಪಿದೆಯಲ್ಲ? 'ನನ್ನ ಹೆಂಡತಿಗೆ, ಅಭಿಮಾನದಿಂದ' ಎಂದಿರಬೇಕಾದದ್ದು 'ಅನುಮಾನದಿಂದ' ಎಂದು ಅಚ್ಚಾಯಿತು. ಉಪಸರ್ಗದ ಮೇಷ್ಟ್ರಿಗೆ ಉಪಸರ್ಗವೇ ಕೈಕೊಟ್ಟಿತೆಂದು ನಿಮ್ಮ ಶಾಲೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನೀವು ಮನೆಗೆ ಬಂದವರೇ, ಕರಡು ಓದಿದ್ದು ನೀನೇ ತಾನೆ, ಬೇಕಂತಲೇ ನನ್ನ ಮಾನ ಕಳೆದೆ ಅಂದಿರಿ. ಕಣ್ಣು ತಪ್ಪಿತು ಎಂದೆ. ನಂಬಲಿಲ್ಲ. ದಿನಕ್ಕೆರಡು ಸಲ ಪ್ರೆಸ್ಸಿಗೆ ಫೋನು ಮಾಡಿ ನಾನು ಇದ್ದೇನೋ ಇಲ್ಲವೋ ಎಂದು ವಿಚಾರಿಸುತ್ತಿದ್ದವರು ಇದನ್ನು ಹೇಗೆ ನಂಬುತ್ತೀರಿ? ಚೀಲ ತುಂಬಿಕೊಂಡು ಹೊರಟುಬಂದೆ. ನಿಮ್ಮ ಪುಸ್ತಕದ ಪ್ರಕಾರ ಅದು ನಿರ್ಗಮನ, ವಾಪಸು ಬಂದರೆ ಆಗಮನ. ನಮ್ಮ ಮನೆಯಲ್ಲಿ ಇಲ್ಲದೆ ಹೋದದ್ದು ಬರೀ ಗಮನ.

ಹೊಸ ಕರಡಿನಲ್ಲಿ ಅರ್ಪಣೆಯ ಪುಟ ಖಾಲಿ ಇದೆ. ಡಿಟಿಪಿ ಮಾಡುವಾಕೆಯನ್ನು ಕೇಳಿದೆ. ಏನು ಬರೀಬೇಕು ಅಂತ ಮೇಷ್ಟ್ರಿಗೇ ತೋಚ್ತಿಲ್ಲವಂತೆ, ಕರಡು ನೋಡೋರನ್ನೇ ಕೇಳಿ ಅಂದ್ರು, ಎಂದಳು. ಅದಕ್ಕೇ ಈ ಕಾಗದ. ಮುಂದಿನ ಶನಿವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. 'ಮಾನ'ದ ಮೊದಲಿಗೆ ಏನು ಹಾಕಬೇಕೆಂದು ಅಷ್ಟರೊಳಗೆ ನೀವೇ ಬರೆದು ಕಳಿಸಿ. ನನಗೆ ಮನೆಗೆ ಬರುವ ಆಸೆಯಿದೆ, ಮುಚ್ಚಿಟ್ಟು ಏನು ಮಾಡಲಿ. ಆದರೆ ಆ ಪದ ನೋಡದೆ ಬರಲಾರೆ.

ಇಂತಿ,
ಕರಡು ಓದೀ ಓದೀ ನಿಮ್ಮ ಬಾಯಲ್ಲಿ 'ಕರಡಿ'ಯಾದವಳು

ತಾ.ಕ.: ಕಣ್ಣು ತಪ್ಪಿತೆಂದದ್ದು ಸುಳ್ಳು. ಜೊತೆಗಿರುವ ಹಾಳೆ ನಿಮ್ಮ ಹಸ್ತಪ್ರತಿಯದು. 'ಅನುಮಾನದಿಂದ' ಎಂದು ನಿಮ್ಮ ಕೈಯೇ ಬರೆದಿದೆ. ಮೇಷ್ಟ್ರ ಮರ್ಯಾದೆ ಹೋದೀತೆಂದು ಇದನ್ನು ಈವರೆಗೆ ಯಾರಿಗೂ ತೋರಿಸಿಲ್ಲ. ಅವತ್ತು ನಾನದನ್ನು ತಿದ್ದಲಿಲ್ಲ, ಏಕೆಂದರೆ ನನಗದು ತಪ್ಪು ಅನ್ನಿಸಲೇ ಇಲ್ಲ.