ಉಣ್ಣದ ಊಟಕ್ಕೆ ಸಾಕ್ಷಿ

ಕೃಷ್ಣೆಯ ಎಡದಂಡೆ,
ಹದಿಮೂರನೇ ತಿಂಗಳ ಮೂವತ್ತನಾಲ್ಕು, ಅಂಕಿ ಆರಿದ ಇನ್ನೂರನೇ ವರ್ಷ.

ಇನ್ನೂರು ವರ್ಷಕ್ಕೂ ಹಿಂದೆ ಬಾಳುತ್ತಿರುವ ಹಿರಿಯರಾದ ನಿಮಗೆ ಸೂಗವ್ವನ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ದುಡ್ಡೆಲ್ಲ ಯಂತ್ರದೊಳಗಿನ ಅಂಕಿಯಾಗಿತ್ತಂತೆ. ಒಂದು ದಿನ ಆ ಅಂಕಿಗಳು ಆರಿಹೋದವು. ಬಂಗಾರ ಇದ್ದವರೂ ಜೋಳಕ್ಕಾಗಿ ಬಾಯಿ ಬಾಯಿ ಬಿಟ್ಟರಂತೆ.

ಈಗ ನಮ್ಮಲ್ಲಿ ನಡೆಯುವುದು ಒಲೆಬಿಲ್ಲೆ. ಹಸಿಮಣ್ಣಿಗೆ ಹೆಬ್ಬೆರಳು ಒತ್ತಿ ಸುಟ್ಟ ಬಿಲ್ಲೆ ಅದು. ಅದನ್ನು ತಂದವರು ಯಾರೇ ಇರಲಿ, ಬೆರಳೊತ್ತಿದವರು ಹೊಟ್ಟೆ ತುಂಬ ಉಣ್ಣಿಸಬೇಕು. ಉಣ್ಣಲೇಬೇಕೆಂದಿಲ್ಲ, ಅದನ್ನೇ ಕೊಟ್ಟು ಎಣ್ಣೆ, ಚಪ್ಪಲಿ ಏನನ್ನಾದರೂ ಕೊಳ್ಳಬಹುದು. ಗುರುತಿಲ್ಲದ ಬಿಲ್ಲೆ ಬಂದರೆ ಅಂಗಡಿಯವರು ಬೆರಳೊತ್ತಿದವರ ಮನೆಯಲ್ಲಿ ಉಂಡವರು ಯಾರೆಂದು ಕೂಗಿ ಕೇಳುತ್ತಾರೆ. ಒಬ್ಬರು ಕೈಯೆತ್ತಿದರೂ ಸಾಕು, ಬಿಲ್ಲೆ ಸಲ್ಲುತ್ತದೆ. ಮುಂದೆ ಆ ಮನೆಯವರು ಮಾತು ತಪ್ಪಿದರೆ ಕೈಯೆತ್ತಿದವರೇ ಉಣ್ಣಿಸಬೇಕು.

ನಮ್ಮ ಊರಿನ ಬಿಲ್ಲೆ ಇದುವರೆಗೆ ಹೊಳೆ ದಾಟಿರಲಿಲ್ಲ. ಮೊನ್ನೆ ಮೊಮ್ಮಗಳು ಮಿಂಚವ್ವ ಜ್ವರದಲ್ಲಿ ಕಣ್ಣು ಮೇಲೆ ಮಾಡಿದಳು. ಔಷಧಿ ಇದ್ದದ್ದು ಆಚೆ ದಂಡೆಯಲ್ಲಿ. ನಾನು ಬೆರಳೊತ್ತಿದ ಬಿಲ್ಲೆ ಹಿಡಿದು ದೋಣಿ ಹತ್ತಿದೆ. ಔಷಧಿ ಅಂಗಡಿಯಾಕೆ ಅದನ್ನು ಹೊರಳಿಸಿ ನೋಡಿ, "ಈಕಿ ಮನ್ಯಾಗ ಯಾರರ ಉಂಡೀರೇನ್ರಿ?" ಎಂದು ಕೂಗಿದಳು. ಮುಂದೆ ನಿಂತವರಾರೂ ಕೈಯೆತ್ತಲಿಲ್ಲ. ಬಿಲ್ಲೆ ಮರಳಿ ಇಸಿದುಕೊಳ್ಳಲು ಕೈ ಚಾಚಿದೆ. ಆಗ ಹಿಂದಿನಿಂದ ಒಂದು ಕೈ ಮೇಲೆದ್ದಿತು.

"ನಾ ಉಂಡೀನಿ. ಕೊಡವ್ವ ಆಕಿಗೆ."

ಆ ಮನುಷ್ಯನನ್ನು ನಾನು ಹುಟ್ಟಿದಾಗಿನಿಂದ ಕಂಡೇ ಇರಲಿಲ್ಲ! ಔಷಧಿ ಸೆರಗಿಗೆ ಕಟ್ಟಿಕೊಂಡು ಹೊರಬಂದು, "ಯಾವಾಗ ಉಂಡಿಯಪ್ಪಾ?" ಎಂದೆ. ಹುಸೇನಪ್ಪ ಅಂತ ಹೆಸರು, ಬುಟ್ಟಿ ಹೆಣೆಯುವವನಂತೆ. "ಇನ್ನ ಮ್ಯಾಲ ಉಣ್ತೀನಲ್ಲ, ಯವ್ವಾ" ಎಂದು ನಕ್ಕುಬಿಟ್ಟ.

ಹಿರಿಯರೇ, ನನಗಂತೂ ಕುಣಿಯಬೇಕು ಅನ್ನಿಸುತ್ತಿದೆ! ನಿಮ್ಮ ಕವಡೆ, ನಾಣ್ಯ, ನೋಟು ಎಲ್ಲವೂ ಮೊದಲ ಸಲ ಊರು ದಾಟಿದ ದಿನ, ಗುರುತಿಲ್ಲದ ಯಾರೋ ಒಬ್ಬರು ಹೀಗೇ ಕೈಯೆತ್ತಿರಬೇಕು. ನೀವು ಇದನ್ನು ಓದುವಾಗ ಅಂಕಿ ಇನ್ನೂ ಆರಿಲ್ಲ, ನಿಮ್ಮ ದುಡ್ಡು ಇನ್ನೂ ನಡೆಯುತ್ತಿದೆಯಲ್ಲ, ಅದಕ್ಕೇ ಕೇಳಿಕೊಳ್ಳುತ್ತೇನೆ: ಯಂತ್ರವನ್ನು ನೆಚ್ಚಿಕೊಂಡು ಆ ಕೈಗಳನ್ನು ಮರೆಯಬೇಡಿ.

ಮಿಂಚವ್ವನ ಜ್ವರ ಇಳಿದಿದೆ, ಅಂಗಳದಲ್ಲಿ ಕೂಗಾಡುತ್ತಿದ್ದಾಳೆ. ಹುಸೇನಪ್ಪ ದೋಣಿ ಇಳಿದು ಬರುತ್ತಿದ್ದಾನಂತೆ, ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು. ಅವನು ಆಡಿದ ಸುಳ್ಳನ್ನು ನಾನೀಗ ನಿಜ ಮಾಡಬೇಕು. ರೊಟ್ಟಿಗೆ ಹಿಟ್ಟು ನಾದಲು ಏಳುತ್ತೇನೆ.